ಹೊಳೆಗೆ ಹೋಗದ ನಿಂಗರಾಜಮ್ಮನ ಪರವಾಗಿ

ಇಸವಿ ಎರಡು ಸಾವಿರದ ನೂರ ಐವತ್ತೊಂದು, ಫೆಬ್ರವರಿ ಮೂವತ್ತು
ಹೊಳೆಬೀದಿ, ಕಪಿಲೆ ದಂಡೆ

ನೂರಿಪ್ಪತ್ತೈದು ವರ್ಷ ಹಿಂದೆ ಇದೇ ಬೀದಿಯಲ್ಲಿರುವವರಿಗೆ ಶರಣು.

ತಾರೀಖು ನೋಡಿ ಮುದುಕಿಗೆ ಅರಳುಮರಳು ಅಂದುಕೊಳ್ಳಬೇಡಿ. ಫೆಬ್ರವರಿಗೆ ಈಗ ಮೂವತ್ತನೇ ತಾರೀಖೂ ಉಂಟು. ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ವರ್ಷದಲ್ಲಿ ಒಂದು ದಿನವೂ ಬಿಡುವಿಲ್ಲವೆಂದು ಸರ್ಕಾರದ ದೊಡ್ಡವರು ಕ್ಯಾಲೆಂಡರಿನಲ್ಲೇ ಇಲ್ಲದ ದಿನವೊಂದನ್ನು ಹುಟ್ಟಿಸಿಕೊಟ್ಟರು. ಇದ್ದ ದಿನಗಳಲ್ಲಿ ಒಂದನ್ನು ಕೊಡಲು ಮನಸ್ಸು ಬರಲಿಲ್ಲ ನೋಡಿ. ನಾನು ಮೂರನೇ ಕ್ಲಾಸಿಗೇ ಇಸ್ಕೂಲು ಬಿಟ್ಟವಳು; ಮಾತು ವಿಚಿತ್ರವಾಗಿ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ಈ ದಿನ ನಮ್ಮಲ್ಲಿ ಹೊಳೆಯವರೆಗೆ ಆರೈಕೆ ನಡಿಗೆ. ನಡೆಯುವವರ ಹೆಸರಿಗೆ ಊರವರು ಹೊತ್ತುಮುಡಿಪು ಕಟ್ಟುತ್ತಾರೆ. ಅಂದರೆ, ನಾನು ಒಂದು ಮೈಲಿ ನಡೆದರೆ ಮುಡಿಪು ಕಟ್ಟಿದವರು ಒಂದು ಮಧ್ಯಾಹ್ನ ನನ್ನ ಮನೆಯ ಹಾಸಿಗೆ ಪಕ್ಕ ಕೂರಬೇಕು. ಹೊರಡುವಾಗ ನೀರು ಕುಡಿಸುವ ತಂಬಿಗೆಯನ್ನು ಅವರ ಕೈಗೆ ಕೊಡಬೇಕು. ಕೊಟ್ಟ ಮೇಲೆ ತಿರುಗಿ ನೋಡಬಾರದು. ನಾನು ಮೂರು ಸಲ ನೋಡಿದೆ. ಎದುರುಮನೆ ಕೆಂಪದೇವಿ, "ಹೋಗಕ್ಕ, ಭಾವನ್ನೇನು ನಾನು ಓಡಿಸ್ಕಂಡ್ ಹೋಗಕಿಲ್ಲ" ಎಂದು ಬಾಗಿಲು ಹಾಕಿಕೊಂಡಳು.

ಒಂಬತ್ತು ವರ್ಷದಿಂದ ನಮ್ಮ ಯಜಮಾನರಿಗೆ ಒಂದು ಪಕ್ಕ ಸ್ವಾಧೀನವಿಲ್ಲ. ಹಿತ್ತಿಲಿಗೆ ಕರೆದೊಯ್ಯುವಾಗ ಹನ್ನೆರಡು ಹೆಜ್ಜೆಗೊಮ್ಮೆ ನಿಲ್ಲುತ್ತೇವೆ, ಅವರಿಗೆ ಉಸಿರು ಬೇಕಲ್ಲ. ಈ ದಿನ ಬರಿಗೈ ಬೀಸಿಕೊಂಡು ಹೋಗಬೇಕಾದವಳು ಹನ್ನೆರಡು ಹೆಜ್ಜೆಗೆ ನಿಂತೆ. ಮತ್ತೆ ಹನ್ನೆರಡಕ್ಕೆ ನಿಂತೆ. ಹಿಂದಿನ ಹುಡುಗಿ ಬೆನ್ನಿಗೆ ಡಿಕ್ಕಿ ಹೊಡೆದು, "ಇದೇನಜ್ಜಿ, ಯಾರಿಗ್ ಕಾಯ್ತಿದ್ದೀಯೆ?" ಎಂದಳು. ಬಯ್ಯಲು ತಿರುಗಿದೆ, ಆಗ ಕಣ್ಣಿಗೆ ಬಿತ್ತು. ನನ್ನ ಎಡ ಮೊಣಕೈ ಇನ್ನೂ ಅವರಿಗೆಂದು ಮಡಿಸಿಯೇ ಇತ್ತು.

ಎಲ್ಲರಿಗಿಂತ ಕೊನೆಗೆ ಹೊಳೆ ಮುಟ್ಟಿದೆ. ನೀರಿಗೆ ಕಾಲಿಟ್ಟಾಗ ನಿಂಗರಾಜಮ್ಮ ನೆನಪಾದಳು. ನನ್ನ ಅಜ್ಜಿಯ ತಾಯಿ. ಅವಳನ್ನು ನಾನು ಕಣ್ಣಾರೆ ಕಂಡಿಲ್ಲ. ಹಾಸಿಗೆ ಹಿಡಿದ ಅತ್ತೆಯನ್ನು ಹನ್ನೊಂದು ವರ್ಷ ನೋಡಿಕೊಂಡಳು. ಹೊಳೆ ಅರ್ಧ ಮೈಲಿ. ಬೆಳಿಗ್ಗೆ ಬಟ್ಟೆ ಒಗೆಯುವ ಸದ್ದು ಕೇಳಿಸಿದಾಗಲೆಲ್ಲ ಮಗಳಿಗೆ, "ಒಂದ್ಸಲ ಕಾಲ್ ನೆನೆಸ್ಕಂಡ್ ಬರ್ಬೇಕು ಕನವ್ವ" ಎನ್ನುತ್ತಿದ್ದಳಂತೆ. ಅತ್ತೆ ತೀರಿಕೊಳ್ಳುವ ಹೊತ್ತಿಗೆ ಅವಳ ಮೊಣಕಾಲೇ ಹೋಗಿತ್ತು. ಹೊಳೆಗೆ ಹೋಗಲೇ ಇಲ್ಲ.

ನಿಮ್ಮ ಕಾಲದಲ್ಲಿ ಅವಳಿನ್ನೂ ಹೋಗಬಹುದು. ಅದಕ್ಕೇ ಈ ಕಾಗದ. ಬೀದಿಯ ಕೊನೆ ಮನೆ, ಹಸಿರು ಬಾಗಿಲು. ತಟ್ಟಿ. ಅತ್ತೆ ಮೊದಲು ಲೋಟ ಎಸೆಯುತ್ತಾಳೆ, ತಗ್ಗಿಕೊಳ್ಳಿ. ಎಷ್ಟು ಅತ್ತರೂ ಗಂಜಿಗೆ ಉಪ್ಪು ಬೇಡ. ಎಡಮಗ್ಗುಲಿಗೆ ಮಲಗಿಸಿ, ಬಲಗಡೆ ಹುಣ್ಣಾಗಿದೆ. ನಮ್ಮ ವಂಶದ ಹೆಣ್ಣುಮಕ್ಕಳಿಗೆ ತಾಯಿಯಿಂದ ಒಡವೆ ಬರಲಿಲ್ಲ, ಇಂಥ ಮಾತುಗಳು ಬಂದವು. ನಿಂಗರಾಜಮ್ಮನ ಕೈಯಿಂದ ತಂಬಿಗೆ ಈಸಿಕೊಂಡು, ಅವಳನ್ನು ಹೊಳೆ ಕಡೆಗೆ ತಿರುಗಿಸಿ ಕಳಿಸಿ.

ಅರ್ಧ ದಾರಿಯಿಂದಲೇ ಓಡಿಬರುತ್ತಾಳೆ, ನನಗೆ ಗೊತ್ತು. ಕಿಟಕಿಯಿಂದ ಅವಳ ಪಾದ ನೋಡಿ. ಒಣಗಿದ್ದರೆ ಬಾಗಿಲು ತೆಗೆಯಬೇಡಿ.

ಇಂತಿ,
ಅವಳ ಮರಿಮಗಳು ಸಣ್ಣಮ್ಮಣ್ಣಿ