ಗ್ಯಾಲರಿಯಲ್ಲಿ ಅತ್ತ ಹೆಂಗಸು

ನೆರಳುಬೀದಿ, ಗದಗ
ಕೆಂಡತಿಂಗಳ ಒಂಬತ್ತು, ೨೧೮೯

ನನಗಿಂತ ಮೊದಲು ಇದ್ದವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಏಪ್ರಿಲ್‌ನ ಕೊನೆಯರ್ಧವನ್ನೂ ಮೇ ತಿಂಗಳ ಮೊದಲರ್ಧವನ್ನೂ ಕತ್ತರಿಸಿ ಹೊಲಿದ ತಿಂಗಳು ಇದು. ಹಗಲು ಹೊರಗೆ ಕಾಲಿಟ್ಟರೆ ಚಪ್ಪಲಿಯ ಅಟ್ಟೆ ಮೆತ್ತಗಾಗುತ್ತದೆ. ನಾನು ಓದಿದ್ದು ಏಳನೆಯ ತರಗತಿ. ದಿನಚರಿ ಬರೆಯುವ ರೂಢಿಯಿಂದ ಕೈ ಸ್ವಲ್ಪ ಪಳಗಿದೆ. ಆದರೂ ನನ್ನ ಮಾತು ಎಲ್ಲಾದರೂ ವಿಚಿತ್ರ ಎನಿಸಿದರೆ, ನನ್ನ ಕಾಲದ್ದೆಂದು ಸಹಿಸಿಕೊಳ್ಳಿ. ಹಿರಿಯರಿಗೆ ಬರೆಯುವಾಗ ಗೌರವದಿಂದ ಶುರು ಮಾಡಬೇಕು. ನಿಮ್ಮ ಮೇಲೆ ನನಗಿರುವುದು ಹೊಟ್ಟೆಕಿಚ್ಚು. ಅದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದು ಬರೆಯುವುದು ಸುಲಭ.

ನಾವು ಉಪವಾಸ ಬಿದ್ದಿದ್ದೇವೆಂದು ತಿಳಿಯಬೇಡಿ. ಇಡೀ ಬೀದಿಗೆ ಒಂದೇ ಚಾವಣಿ ಇದೆ, ಅದಕ್ಕೇ ನೆರಳುಬೀದಿ ಎನ್ನುತ್ತೇವೆ. ರೊಟ್ಟಿಗೆ ಜೋಳ ಇದೆ, ನಲ್ಲಿಯಲ್ಲಿ ನೀರು ಬರುತ್ತದೆ. ಮನೆ ಬಾಡಿಗೆಯನ್ನು ಯಾರೂ ಮನಸ್ಸು ಬಂದಂತೆ ಏರಿಸುವಂತಿಲ್ಲ, ಬಾಣಂತಿಗೆ ವರ್ಷವಿಡೀ ಪಗಾರ ಮನೆಗೇ ಬರುತ್ತದೆ. ನಿಮ್ಮ ಕಾಲದ ಕೆಲವು ಶಾಸಕರು ಕೂಗಿ ಕೂಗಿ ಮಾಡಿಸಿದ ಕಾನೂನುಗಳ ಮೊಮ್ಮಕ್ಕಳು ಇವು. ಆ ಕಾನೂನುಗಳನ್ನು ಉಳಿಸಿಕೊಂಡೆವು, ಕೂಗುವುದನ್ನು ಬಿಟ್ಟೆವು. ಸದನದಲ್ಲಿ ಬರೀ ಗದ್ದಲ, ಇದಕ್ಕೆ ನಾವು ಯಾಕೆ ತೆರಿಗೆ ಕಟ್ಟಬೇಕು ಎಂದು ನಿಮ್ಮ ನಂತರದವರು ಬೇಸತ್ತರು. ಪ್ರಶಾಂತ ಸದನ ಎಂಬ ಕಾಯ್ದೆ ಬಂತು. ಪ್ರಶ್ನೆಗಳನ್ನು ಬರೆದು ಕೊಡಿ ಎಂದರು, ಆಮೇಲೆ ಉತ್ತರವನ್ನೂ ಬರೆದೇ ಕೊಡುತ್ತೇವೆ ಎಂದರು, ಕೊನೆಗೆ ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಕಾಯ್ದೆ ಬಂದ ದಿನ ಜನ ಪೇಡೆ ಹಂಚಿದ್ದರಂತೆ. ಈಗ ಸದನದ ಹೆಸರು ಒಪ್ಪುಸಭೆ. ಸದಸ್ಯರು ಬರುತ್ತಾರೆ, ಒಪ್ಪುತ್ತಾರೆ, ಊಟಕ್ಕೆ ಏಳುತ್ತಾರೆ.

ನನ್ನ ತಮ್ಮ ಯಮನೂರ ಕಪ್ಪತಗುಡ್ಡದ ಗಾಳಿಗಂಬಗಳನ್ನು ಹತ್ತಿ ರೆಕ್ಕೆ ಒರೆಸುವ ಕೆಲಸದಲ್ಲಿದ್ದ. ಕಳೆದ ಕೆಂಡತಿಂಗಳಲ್ಲಿ ಅವನಿಗೆ ಹಗಲು ಹೊತ್ತಿನಲ್ಲಿ ಹತ್ತಲು ಹೇಳಿದರು. "ಹತ್ತಂಗಿಲ್ರೀ, ಕಬ್ಬಣ ಕೈ ಸುಡತೈತಿ. ಬೇಕಂದ್ರ ನೀವ ಹತ್ರಿ, ನಾ ಕೆಳಗ ಏಣಿ ಹಿಡೀತೀನಿ" ಎಂದನಂತೆ. ಅವನು ಯಾವಾಗಲೂ ಹಾಗೆ, ಎದುರಿಗಿದ್ದವರನ್ನು ನಗಿಸುತ್ತಲೇ ಇಲ್ಲ ಎನ್ನುವವನು. ಆ ದಿನ ಯಾರೂ ನಗಲಿಲ್ಲ. ಅವನನ್ನು ನಿಲುಮನೆಗೆ ಒಯ್ದರು. ವಿಚಾರಣೆ ಇಲ್ಲದೆ ಕೂಡಿಹಾಕುವ ಜಾಗಕ್ಕೆ ನಮ್ಮಲ್ಲಿ ಆ ಹೆಸರು. ವಾರ ಕಳೆಯುವುದರೊಳಗೆ ಹೆಣ ಮನೆಗೆ ಬಂತು. ಮೈ ತೊಳೆಯುವಾಗ ಅವನ ಬೆನ್ನು ನೋಡಿದೆ. ಅದನ್ನು ದಿನಚರಿಯಲ್ಲಿ ಬರೆದಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ಹೇಗೆ ಸತ್ತ ಎಂದು ಕೇಳಲು ಕಚೇರಿಗೆ ಹೋದೆ. ಅಲ್ಲಿ ಮನುಷ್ಯರಿಲ್ಲ, ಮಾತಾಡುವ ಗೋಡೆ ಇದೆ. "ನಿಮ್ಮ ದುಃಖ ದಾಖಲಾಗಿದೆ, ಧನ್ಯವಾದ" ಎಂದಿತು. ಮತ್ತೆ ಕೇಳಿದೆ. ಮತ್ತೆ ಧನ್ಯವಾದ ಹೇಳಿತು.

ಹೀಗೆ ಉತ್ತರವಿಲ್ಲದೆ ಸತ್ತವರಿಗಾಗಿ ನಮ್ಮ ಬೀದಿಯಲ್ಲಿ ಒಂದು ರೂಢಿ ಬೆಳೆದಿದೆ. ಅಮಾವಾಸ್ಯೆಯ ಸಂಜೆ ಸತ್ತವರ ಮನೆ ಮುಂದೆ ಚಾಪೆ ಹಾಸಿ, ನಿಮ್ಮ ಕಾಲದ ವಿಧಾನಸಭೆಯ ಕಲಾಪವನ್ನು ಧ್ವನಿಪೆಟ್ಟಿಗೆಯಲ್ಲಿ ಹಚ್ಚಿ ಕೇಳುತ್ತೇವೆ. ಅದಕ್ಕೆ ಕೇಳಿಕೆ ಎಂದು ಹೆಸರು. ಯಾವುದೋ ಹಳೆಯ ನಾಟಕವೆಂದುಕೊಂಡು ಅಧಿಕಾರಿಗಳು ಸುಮ್ಮನಿದ್ದಾರೆ. ಯಮನೂರನ ಕೇಳಿಕೆಗೆ ಪಕ್ಕದ ಮನೆಯ ದಾವಲಬಿ ಅಕ್ಕ ಆರಿಸಿ ತಂದದ್ದು, ಲಾಕಪ್ಪಿನಲ್ಲಿ ಸತ್ತ ಒಬ್ಬ ಹಮಾಲನ ಬಗೆಗಿನ ಪ್ರಶ್ನೆ. ಕೇಳಿದವರು ಒಬ್ಬ ಶಾಸಕಿ. ಅದೇ ಬೆಳಿಗ್ಗೆ ಅವರು ಹಾಸ್ಟೆಲ್ ಹುಡುಗಿಯರ ಊಟದ ಬಗ್ಗೆ, ಮ್ಯಾನ್‌ಹೋಲಿಗೆ ಮನುಷ್ಯರನ್ನು ಇಳಿಸುವ ಬಗ್ಗೆ ಕೇಳಿ, "ನಿಮಗೆ ಬೇರೆ ಕೆಲಸ ಇಲ್ವಾ" ಎಂದು ಬೈಸಿಕೊಂಡಿದ್ದರು. ಹಮಾಲ ಸತ್ತದ್ದು ಹೃದಯಾಘಾತದಿಂದ ಎಂದರು ಮಂತ್ರಿ. "ಹೃದಯಾಘಾತ ಆದ್ರೆ ಬೆನ್ನ ಮೇಲೆ ಬಾಸುಂಡೆ ಬರುತ್ತಾ, ಸ್ವಾಮಿ?" ಎಂದರು ಆಕೆ. "ಕೂತ್ಕೊಳ್ಳಿ ಅಮ್ಮಾ" ಎಂದು ಸಭಾಧ್ಯಕ್ಷರು ಹೇಳಿದರೆ, "ಉತ್ತರ ಬರಲಿ, ಕೂರ್ತೀನಿ." ಮಂತ್ರಿ ಹಾಳೆ ತಿರುವುವ ಸದ್ದು ಮಾತ್ರ ಕೇಳುತ್ತಿತ್ತು. ದಾವಲಬಿ ಅಕ್ಕನಿಗೆ ತಡೆಯಲಾಗಲಿಲ್ಲ. "ಏ ಮಾಮಾ, ಎಷ್ಟ ತಿರುವ್ತಿ ಆ ಹಾಳಿ? ಬಾಯಾಗ ಕಡಬ ಇಟ್ಕೊಂಡಿಯೇನ? ಹೇಳಪಾ ಲಗೂನ!" ಎಂದು ಪೆಟ್ಟಿಗೆಗೇ ಬೈದಳು. ಚಾಪೆಯ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ತಮ್ಮ ಹೋದ ಮೇಲೆ ಮೊದಲ ಸಲ. ಕೊನೆಗೂ ಮಂತ್ರಿ ಬಾಯಿಬಿಟ್ಟರು. ತನಿಖೆ ಮಾಡಿಸಿ ವರದಿಯನ್ನು ಸದನದ ಮುಂದಿಡುತ್ತೇವೆ ಎಂದರು. ಆಗ ಎಲ್ಲೋ ದೂರದಿಂದ ಒಬ್ಬ ಹೆಂಗಸು ಅತ್ತ ಸದ್ದು. ಯಾರೋ ಅವಳನ್ನು ಗದರಿದರು. "ಗ್ಯಾಲರಿಯಲ್ಲಿ ಸತ್ತವನ ಅಕ್ಕ ಇದ್ದಾರೆ ಅಧ್ಯಕ್ಷರೇ, ಅಳಲಿ ಬಿಡಿ" ಎಂದರು ಶಾಸಕಿ.

ಆ ಹೆಂಗಸಿನ ಮೇಲೆ ನನಗೆ ಹೊಟ್ಟೆ ಉರಿಯಿತು. ಅವಳ ತಮ್ಮನೂ ನನ್ನ ತಮ್ಮನ ಹಾಗೆಯೇ ಸತ್ತಿದ್ದ, ಬದುಕಿ ಬರುವವನಲ್ಲ. ಅಳುತ್ತಿರುವವಳನ್ನು ಕಂಡು ಕರುಬುವುದು ತಪ್ಪೆಂದು ಗೊತ್ತು. ಆದರೂ ಅವಳು ಹತ್ತಿ ಬಂದ ಬಸ್ಸಿನ ಮೇಲೆ, ಅವಳ ಕೈಯಲ್ಲಿದ್ದ ಗ್ಯಾಲರಿ ಪಾಸಿನ ಮೇಲೆ, ಅವಳನ್ನು ಗದರಿದ ಕಾವಲಿನವನ ಮೇಲೆ ಕೂಡ ನನಗೆ ಅಸೂಯೆ. ನನ್ನ ಅಳು ಯಾರ ಕೆಲಸಕ್ಕೂ ಅಡ್ಡಿ ಮಾಡಿಲ್ಲ. ಅವಳಿಗೆ ಆ ವರದಿ ಸಿಕ್ಕಿತೋ ಇಲ್ಲವೋ ತಿಳಿಯದು. ಸಿಗದಿದ್ದರೆ ಆ ಶಾಸಕಿ ಮುಂದಿನ ಅಧಿವೇಶನದಲ್ಲಿ ಮತ್ತೆ ಎದ್ದಿರುತ್ತಾರೆ. ಅಂಥವರನ್ನು ನೀವು ಟಿವಿಯಲ್ಲಿ ನೋಡಿ, ಇವರದು ದಿನಾ ಇದ್ದದ್ದೇ ಎಂದು ಚಾನೆಲ್ ಬದಲಾಯಿಸುತ್ತೀರಂತೆ. ನಿಮ್ಮ ಆ ಬೇಸರವೂ ನನಗೆ ಬೇಕು. ಬೇಸರ ಬರುವಷ್ಟು ಪ್ರಶ್ನೆಗಳು ನಿಮ್ಮಲ್ಲಿದ್ದವು.

ಈ ಕಾಗದ ನಿಮ್ಮನ್ನು ಮುಟ್ಟಿದರೆ ಒಂದು ಕೆಲಸ ಮಾಡಿ. ನಿಮ್ಮೂರ ಶಾಸಕರ ಮನೆ ಬೆಳಿಗ್ಗೆ ತೆರೆದಿರುತ್ತದಂತೆ, ಬಂದವರಿಗೆ ಚಹಾ ಕೂಡ ಕೊಡುತ್ತಾರಂತೆ. ಹೋಗಿ. ಗದಗಿನ ಯಮನೂರ ಹೇಗೆ ಸತ್ತ ಎಂದು ಸದನದಲ್ಲಿ ಕೇಳಿಸಿ. ಇನ್ನೂ ಹುಟ್ಟದವನ ಸಾವಿಗೆ ಪ್ರಶ್ನೆಯೇ ಎಂದು ನಗುತ್ತಾರೆ, ನಗಲಿ. ಗದ್ದಲವಾದರೆ ಆಗಲಿ. ಒಬ್ಬರು ಹಟ ಹಿಡಿದು ನಿಂತರೆ ಮಂತ್ರಿ ಏಳಲೇಬೇಕಲ್ಲ. ಹಾಳೆ ತಿರುವಿ ನೋಡಿ, "ಯಮನೂರ ಎಂಬುವವರು ಸತ್ತಿಲ್ಲ" ಎಂದು ಉತ್ತರ ಹೇಳಲೇಬೇಕಲ್ಲ.

ನನಗೆ ಅಷ್ಟು ಸಾಕು. ಅದನ್ನು ಹುಡುಕಿ ತೆಗೆದು, ಬರುವ ಅಮಾವಾಸ್ಯೆಗೆ ಹಚ್ಚಿ ಕೇಳುತ್ತೇನೆ.

ಫಕೀರವ್ವ,
ಯಮನೂರನ ಅಕ್ಕ