ಮೇಲಿನ ಹಲ್ಲು, ಮೇಲಿನ ಸ್ವರ

ಮಾರ್ಚ್ 4, ಮಂಗಳವಾರ
ಎವರ್‌ಗ್ರೀನ್ ಬಡಾವಣೆಯ ನಮ್ಮ ಮನೆಯ ಗರಾಜಿನಲ್ಲಿ ರಿಹರ್ಸಲು. ಹದಿನಾರು ಕುರ್ಚಿ, ಹದಿಮೂರು ಜನ. ಬಿಗ್ ಬ್ಯಾಂಡ್ ಎಂದು ಬೋರ್ಡು ಹಾಕಿಕೊಂಡ ಮೇಲೆ ಕುರ್ಚಿ ಕಡಿಮೆ ಮಾಡುವ ಹಾಗಿಲ್ಲ. ನಾನೇ ಕಟ್ಟಿದ ಹಾಡಿನ ಕೊನೆಯ ಎತ್ತರದ ಸ್ವರಕ್ಕೆ ಟ್ರಂಪೆಟ್ ಒತ್ತಿದೆ — ಮೇಲಿನ ಮುಂದಿನ ಹಲ್ಲು ಅಲ್ಲಾಡಿತು. ಕೆಮ್ಮಿದಂತೆ ಮಾಡಿ ನಿಲ್ಲಿಸಿದೆ. ಹಗಲು ಹಳೆ ಕಾರು ಮಾರಿ, ಸಂಜೆ ಊದಿ ಬದುಕಿದ ಬಾಯಿ. ಬಂಡವಾಳವೇ ಅಲ್ಲಾಡಿದರೆ...

ಮಾರ್ಚ್ 7
ಡೆಂಟಿಸ್ಟ್ ಹೇಳಿದ: ಕೀಳಬೇಕು. ಆರು ತಿಂಗಳು ಊದುವ ಮಾತೇ ಇಲ್ಲ. ಆಮೇಲೂ ಆ ಸ್ವರ ಬರುತ್ತದೆಂಬ ಖಾತ್ರಿ ಇಲ್ಲ. ಕೀಳುವುದು ಈ ತಿಂಗಳು ಕಳೆದ ಮೇಲೆ ಎಂದು ಎದ್ದು ಬಂದೆ.
29ಕ್ಕೆ ಲಾಸ್ ಆಲ್ಟೋಸಿನ ಡಾನ್ಸ್ ಹಾಲಿನಲ್ಲಿ ನಮ್ಮ ಪರೀಕ್ಷೆ. ಗೆದ್ದರೆ ವರ್ಷವಿಡೀ ತಿಂಗಳಿಗೊಂದು ಶನಿವಾರ ನಮ್ಮದು. ಸೋತರೆ ಬ್ಯಾಂಡ್ ಚೆದುರುತ್ತದೆ. ಕೊನೆಯ ಸ್ವರ ನಾನೇ ಊದುತ್ತೇನೆ ತಾನೆ, ಎಂದು ಹಾಲಿನ ಯಜಮಾನಿ ಕೇಳಿದ್ದಳು. ಶ್ಯೂರ್ ಎಂದಿದ್ದೆ.
ಊರ್ಮಿಳಾ: "ರೀ, ಟ್ರಂಪೆಟ್ ಬಿಡಿ. ಸುಮ್ನೆ ತಾಳ ಹಾಕಿ."
"ಯಾಕೆ, ಭಜನೆ ಮಂಡಳಿ ಮಾಡಿದ್ದೀನಾ?"
ಹೆಂಡತಿ ನಗಲಿಲ್ಲ.

ಮಾರ್ಚ್ 18
ಉಪಾಯ ಹೊಳೆಯಿತು. ಹಾಡನ್ನೇ ಕೆಳಗಿನ ಶ್ರುತಿಗೆ ಇಳಿಸಿದೆ. ಬಂದಿದ್ದ ಹದಿಮೂರು ಜನರಿಗೂ ಹೊಸ ಹಾಳೆ ಹಂಚಿದೆ. ಹಳೆಯದು ಫೋಲ್ಡರಿನಲ್ಲೇ ಇರಲಿ ಎಂದೆ. ಟ್ರಾಂಬೋನ್ ಊದುವ ಗದಗಿನ ಗುರುಶಾಂತಪ್ಪ ಬಿಡಲಿಲ್ಲ.
"ಏನ್ರೀ ಮಧುಕರ್, ಹಾಡಿಗೂ ವಯಸ್ಸಾತೇನು? ಇಷ್ಟ್ ಕೆಳಗ ಕುಂದ್ರಿಸೀರಿ?"
"ಡಾನ್ಸಿಗೆ ಇದೇ ಒಳ್ಳೇದು ಸ್ವಾಮಿ."
ಎರಡನೇ ಟ್ರಂಪೆಟಿನ ನಿವೇದಿತಾ ನನ್ನ ತುಟಿಯನ್ನೇ ನೋಡುತ್ತಿದ್ದಳು.

ಮಾರ್ಚ್ 30
ನಿನ್ನೆ. ರಿಹರ್ಸಲಿಗೆ ಚಕ್ಕರ್ ಹೊಡೆದಿದ್ದ ಮೂವರು ಸ್ಯಾಕ್ಸಫೋನಿನವರು ತಮ್ಮ ಬದಲಿಗೆ ಬೇರೆಯವರನ್ನು ಕಳಿಸಿದ್ದರು. ಅದು ನಮ್ಮಲ್ಲಿ ವಾಡಿಕೆ: ಬದಲಿಯವನು ಬಂದು ಕೂತು, ಫೋಲ್ಡರಿನಲ್ಲಿರುವುದನ್ನು ಊದಿ ಹೋಗುತ್ತಾನೆ. ಆ ಮೂರು ಫೋಲ್ಡರಿನಲ್ಲಿ ಇದ್ದದ್ದು ಹಳೆಯದು ಮಾತ್ರ. ತಲೆ ಎಣಿಸಿ ಹಂಚಿದವನು ಕುರ್ಚಿ ಎಣಿಸಲಿಲ್ಲ.
ಶುರುವಿಗೇ ಎರಡು ಶ್ರುತಿ ಗುದ್ದಾಡಿದವು. ಕುಣಿಯುತ್ತಿದ್ದ ಜೋಡಿಗಳು ನಿಂತುಬಿಟ್ಟವು. ಕೈ ಎತ್ತಿ ನಿಲ್ಲಿಸಿ, "ಹಳೆಯದು!" ಎಂದೆ. ಎಲ್ಲರ ಹತ್ತಿರವೂ ಇದ್ದದ್ದು ಅದೊಂದೇ. ಅಂದರೆ, ಆ ಸ್ವರ.
ಒತ್ತಿದೆ. ಬಂತು. ಹಲ್ಲೂ ಬಂತು.
ಯಜಮಾನಿ ಕೈ ಕುಲುಕಿ ಒಂದು ವರ್ಷ ಎಂದಳು. ಬಾಯಿ ಬಿಟ್ಟರೆ ರಕ್ತ. ತಲೆಯಾಡಿಸಿದೆ. ಮಾತಾಡದೆ ನಾನು ಕುದುರಿಸಿದ ಮೊದಲ ವ್ಯಾಪಾರ.

ಏಪ್ರಿಲ್ 26, ಶನಿವಾರ. ಡಾನ್ಸ್ ಹಾಲಿನ ಹಿಂದಿನ ಕೋಣೆ
ವಿರಾಮ. ಮುಂದಿನದು ನನ್ನ ಹಾಡು. ಊದುವವಳು ನಿವೇದಿತಾ ಎಂದು ಯಜಮಾನಿಯನ್ನು ಒಪ್ಪಿಸಿದೆ. ಇವತ್ತೊಂದು ದಿನ ನೋಡ್ತೇನೆ, ಅಂದಳು.
ನಿವೇದಿತಾ: "ಅಂಕಲ್, ಆ ಸ್ವರ ಬರ್ಲಿಲ್ಲ ಅಂದ್ರೆ?"
"ಬಂದ ಹಾಗೆ ನಿಂತ್ಕೋ. ಅರ್ಧ ಜನ ನಂಬ್ತಾರೆ."
ಪಕ್ಕದ ಕೋಣೆಯಲ್ಲಿ ಅಭ್ಯಾಸ ಮಾಡುತ್ತಿದ್ದಾಳೆ. ಸ್ವರ ಒಡೆಯಿತು. ಮತ್ತೆ ಒಡೆಯಿತು. ಬಾರದಿದ್ದರೆ ಬ್ಯಾಂಡ್ ಹೋಯಿತು. ಬಂದರೆ ನಾನು ಹೋದೆ. ಬರಲಿ ದೇವರೇ ಎಂದು ಬರೆಯಬೇಕು, ಕೈ ಏಳುತ್ತಿಲ್ಲ. ಮತ್ತೆ ಉಸಿರು ಎಳೆದುಕೊಂಡಳು —