ಅವ್ವ ಮತ್ತು ನಿನ್ನ ನೀಲಿ ಸೈಕಲ್

ದೋಂಗ್‌ಹೆ
ಏಪ್ರಿಲ್ ೨೮, ಸೋಮವಾರ

ಪ್ರೀತಿಯ ಲೇಕಾಲ್ ಅಣ್ಣನಿಗೆ ತಂಗಿ ಲಿಸಿನ್ ಬರೆಯುವುದು.

ನೀನು, ಯು-ಚಿನ್ ಅತ್ತಿಗೆ, ಮಗು, ಎಲ್ಲರೂ ಹೇಗಿದ್ದೀರಿ? ನಾಟಿಯ ಸಮಯದಲ್ಲಿ ಕೆಸರಿನಲ್ಲಿ ನಿಂತು ನಿನ್ನ ಕಾಲ್ಬೆರಳ ಸಂದಿಯೆಲ್ಲ ಹುಣ್ಣಾಗಿತ್ತೆಂದು ಅತ್ತಿಗೆ ಹೇಳಿದ್ದಳು. ಈಗ ವಾಸಿಯಾಯಿತೇ? ಉಪ್ಪುನೀರಿನಲ್ಲಿ ಬೆಳೆದ ಕಾಲು ಅದು, ಗದ್ದೆಯ ನೀರಿಗೆ ಒಗ್ಗಲು ಸಮಯ ಬೇಕು. ಅತ್ತಿಗೆ ಮಗುವಿನ ಪಟ ಕಳಿಸಿದ್ದಳು. ನಿನಗೆ ಗೊತ್ತಿಲ್ಲದೆ ಕಳಿಸಿದ್ದರೆ ಅವಳನ್ನು ಬೈಯಬೇಡ. ಮಗುವಿನ ಹುಬ್ಬು ನಿನ್ನದೇ, ಒಂದು ಮೇಲೆ ಒಂದು ಕೆಳಗೆ. ಅವ್ವ ಆ ಪಟವನ್ನು ಬೆರಳಿನಿಂದ ದೊಡ್ಡದು ಮಾಡಿ ಮಾಡಿ ನೋಡಿ, “ಇವಳೂ ಮುನಿಸಿಕೊಳ್ಳೋ ಜಾತೀನೇ” ಎಂದಳು. ಆಮೇಲೆ ಫೋನನ್ನು ನನಗೆ ಕೊಡದೆ ತನ್ನ ಸೊಂಟದ ಚೀಲದಲ್ಲೇ ಇಟ್ಟುಕೊಂಡು ಮೀನು ಸೀಳಲು ಹೋದಳು.

ನಾವು ಚೆನ್ನಾಗಿದ್ದೇವೆ. ಹಾರುಮೀನು ಈ ವರ್ಷ ಬೇಗ ಬಂತು, ಅಂಗಳದಲ್ಲಿ ಹೊಗೆ ಹಾಕಿ ಒಣಗಿಸುತ್ತಿದ್ದೇವೆ. ನನ್ನ ತಲೆಗೂದಲೂ ಅದೇ ವಾಸನೆ. ನಾನು ಈಗಲೂ ಸೇತುವೆಯ ಹತ್ತಿರದ ಅಂಗಡಿಯಲ್ಲಿ ಮಾಂಸದ ಬನ್ನು ಮಡಿಚುತ್ತೇನೆ. ಯಜಮಾನಿ ಒಳ್ಳೆಯವಳು, ಮಾತು ಮಾತ್ರ ಜಾಸ್ತಿ. ಹೊಸ ಕೆಂಪು ಉಗುರುಬಣ್ಣದ ಶೀಸೆಯೊಂದನ್ನು ಕೊಂಡಿದ್ದೆ, ಅದು ಕಳೆದುಹೋಯಿತು. ಪಕ್ಕದ ಮನೆ ಹೋಂಗಾಯ್ ಚಿಕ್ಕಮ್ಮನ ಮಗಳ ಉಗುರನ್ನೇ ತಿಂಗಳುಗಟ್ಟಲೆ ನೋಡಿದ್ದೇ ಬಂತು, ಸಿಗಲಿಲ್ಲ. ನೀನು ಫೋನು ಎತ್ತುವುದಿಲ್ಲ. ಎತ್ತಿದರೂ ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ, ನಿನಗೆ ಗೊತ್ತೇ ಇದೆ. ಕಾಗದವಾದರೆ ನಾನು ನಿಧಾನವಾಗಿ ಬರೆಯಬಹುದು, ನೀನು ಸಿಟ್ಟು ಇಳಿದ ಮೇಲೆ ಓದಬಹುದು.

ಮುಖ್ಯವಾದ ಸುದ್ದಿ ಅವ್ವನದು. ನೀನು ಬಿಟ್ಟುಹೋದ ನೀಲಿ ಸೈಕಲ್ಲನ್ನು ಅವಳು ಹತ್ತುತ್ತಿದ್ದಾಳೆ. ಸಂತೆಗೆ ಹೋಗಿಬರಲು ಅಂದುಕೊಳ್ಳಬೇಡ. ಗುಡ್ಡದ ರಸ್ತೆಯಲ್ಲಿ. ಸಮುದ್ರದ ಕಡೆಯಿಂದ ಹೊರಟು ಗುಡ್ಡಸಾಲನ್ನು ದಾಟಿ ನಿಮ್ಮ ಫುಲಿಗೆ ಇಳಿಯುವ ಅದೇ ರಸ್ತೆ. ಯು-ಚಿನ್ ಅತ್ತಿಗೆಯನ್ನು ನೋಡಲು ನೀನು ಭಾನುವಾರ ಬಂತೆಂದರೆ ಹತ್ತಿ ಹೋಗುತ್ತಿದ್ದೆಯಲ್ಲ, ಅದೇ. ಉತ್ತರದಲ್ಲಿ ಸುರಂಗವಾದ ಮೇಲೆ ಲಾರಿ ಬಸ್ಸು ಎಲ್ಲ ಆ ಕಡೆ ಹೋದವು. ಈಗ ಇಲ್ಲಿ ಕೋತಿಗಳು, ಕಿತ್ತಳೆ ತೋಟದ ಚಿಕ್ಕ ಗಾಡಿಗಳು, ಆಮೇಲೆ ಸೈಕಲ್ಲಿನವರು, ಇಷ್ಟೇ. ತಿರುವಿನಲ್ಲಿ ನಿಂತರೆ ಬಿದಿರು ಒಂದಕ್ಕೊಂದು ತಿಕ್ಕುವ ಸದ್ದು ಕೇಳುತ್ತದೆ.

ಅವ್ವ ಮೊದಲ ಸಲ ಸೈಕಲ್ಲನ್ನು ಅಂಗಳಕ್ಕೆ ತಂದ ದಿನ ಹೋಂಗಾಯ್ ಚಿಕ್ಕಮ್ಮ ಬೇಲಿಯ ಮೇಲಿಂದ, “ಏನೇ, ಈ ವಯಸ್ಸಲ್ಲಿ ಸೈಕಲ್ ಹತ್ತಿ ಯಾವ ಗಂಡನ್ನ ಹುಡುಕ್ಕೊಂಡು ಹೊರಟೆ?” ಎಂದು ಕೂಗಿದಳು. ಅವ್ವ ಸೀಟು ಒರೆಸುತ್ತಲೇ, “ಸಿಕ್ಕಿದ್ರೆ ಹಲ್ಲಿರೋನ್ನ ನಾನಿಟ್ಕೊಂಡು, ಬೊಚ್ಚುಬಾಯಿಯೋನ್ನ ನಿನಗೆ ಕಳಿಸ್ತೀನಿ ಬಿಡು” ಎಂದಳು. ನಿಜವಾಗಿ ಎಲ್ಲಿಗೆ ಎಂದು ನಾನು ಕೇಳಿದ್ದಕ್ಕೆ, “ಆ ದಾರೀಲಿ ಅಂಥದ್ದೇನಿತ್ತು, ನನ್ನ ಮಗ ವಾರ ವಾರ ಓಡ್ತಿದ್ದ, ನೋಡ್ಕೊಂಡು ಬರ್ತೀನಿ” ಎಂದಳು. ಅವಳನ್ನು ಒಬ್ಬಳೇ ಕಳಿಸಲು ಮನಸ್ಸಾಗದೆ ನಾನು ಅಂಗಡಿಯ ಸೈಕಲ್ ಕೇಳಿ ತಂದು ಹಿಂದೆ ಹೊರಟೆ.

ಅಣ್ಣಾ, ನಮ್ಮ ಅವ್ವ ಗುಡ್ಡ ಹತ್ತುವುದನ್ನು ನೀನು ನೋಡಬೇಕು. ನಾನು ಏರು ಶುರುವಾದ ಕೂಡಲೇ ಹಲ್ಲು ಕಚ್ಚಿ ತುಳಿಯುತ್ತೇನೆ, ಎರಡು ತಿರುವಿಗೆ ನಾಲಿಗೆ ಹೊರಗೆ ಬರುತ್ತದೆ. ಅವಳಿಗೆ ಅವಸರವೇ ಇಲ್ಲ. ಎಲ್ಲಕ್ಕಿಂತ ಹಗುರವಾದ ಗೇರು ಹಾಕಿಕೊಂಡು, ಒಲೆಯ ಮೇಲೆ ಗಂಜಿ ಕೈಯಾಡಿಸುವ ಹಾಗೆ ಕಾಲು ಆಡಿಸುತ್ತಾಳೆ. ಬಾಯಲ್ಲಿ ಹಾಡು. ಕಷ್ಟದ ಕಡೆ ಇಳಿದು ನೂಕುತ್ತಾಳೆ, ಅದಕ್ಕೆ ನಾಚಿಕೆಯೂ ಇಲ್ಲ. ಮೊದಲ ಸಲ ಹಳೆಯ ಸೇತುವೆಯವರೆಗೆ ಹೋಗಿ ಬಂದಳು. ಆಮೇಲೆ ಕೋತಿಗಳ ಸೇತುವೆಯವರೆಗೆ. ಅಲ್ಲೊಂದು ಮರಿಕೋತಿ ಬುಟ್ಟಿಯಿಂದ ಬನ್ನು ಎಗರಿಸಿತು. ಅವ್ವ ಕಲ್ಲು ಎತ್ತಿಕೊಂಡು, “ನಿಮ್ಮವ್ವ ನಿನಗೆ ಇದನ್ನೇ ಕಲಿಸಿದ್ಲಾ?” ಎಂದು ಗದರಿದಳು. ಕೋತಿ ಓಡಿಹೋಗಿ ಮರದ ಮೇಲಿದ್ದ ತಾಯಿಯ ಹೊಟ್ಟೆಗೆ ಅಂಟಿಕೊಂಡಿತು. ಅವ್ವ ಕಲ್ಲು ಕೆಳಗಿಟ್ಟಳು. ಆ ದಿನ ವಾಪಸು ಬರುವಾಗ ಅವಳು ಹಾಡಲಿಲ್ಲ.

ದಾರಿಯಲ್ಲಿ ಸಿಗುವ ತಾಯ್‌ಯುವಾನಿನ ಪೊಲೀಸ್ ಠಾಣೆಯಲ್ಲಿ ಸೈಕಲ್ಲಿನವರಿಗೆಂದು ಗಾಳಿಪಂಪು, ಬಿಸಿನೀರು ಇಟ್ಟಿರುತ್ತಾರಲ್ಲ, ಅಲ್ಲಿನ ಎಳೆಯ ಪೊಲೀಸಿನವನಿಗೆ ಈಗ ಅವ್ವ ಗುರುತು. ಮೊದಲ ಸಲ ಅವನು, “ಏನಜ್ಜೀ, ದ್ವೀಪ ಸುತ್ತೋಕೆ ಹೊರಟ್ರಾ?” ಎಂದು ನಕ್ಕ. ಅವ್ವ ನೀರು ಹಿಡಿಯುತ್ತ, “ಸುತ್ತಿ ಸುತ್ತಿ ಹೊರಟಲ್ಲಿಗೇ ಬರೋದಾದ್ರೆ ಮನೇಲೇ ಕೂತಿರ್ತಿದ್ದೆ ಕಣಪ್ಪಾ” ಎಂದಳು. ಅವಳ ಬುಟ್ಟಿಯಲ್ಲಿ ಯಾವಾಗಲೂ ಒಂದು ಸ್ಪ್ಯಾನರ್ ಇರುತ್ತದೆ. ಅವನು ಅದನ್ನೂ ಬಿಡಲಿಲ್ಲ. “ಅಜ್ಜೀ, ಚಕ್ರ ಬಿಚ್ಚೋಕೆ ಬರುತ್ತಾ?” “ಬರಲ್ಲ.” “ಮತ್ತೆ ಸ್ಪ್ಯಾನರ್ ಯಾಕೆ?” “ಕೋತಿಗೆ. ಮಾತು ಜಾಸ್ತಿ ಆದ್ರೆ ಪೊಲೀಸಿಗೆ.” ಈಗ ಅವ್ವ ಬರುವುದು ಕಂಡರೆ ಅವನೇ ಕುರ್ಚಿ ಹೊರಗೆ ಹಾಕುತ್ತಾನೆ. ತೈಪೆಯಿಂದ ಬರುವ ಬಿಗಿ ಬಟ್ಟೆಯವರೂ ಅವಳನ್ನು ದಾಟುವಾಗ “ಎಣ್ಣೆ ಹಾಕಿ ಅಜ್ಜೀ, ಎಣ್ಣೆ ಹಾಕಿ” ಎಂದು ಹುರಿದುಂಬಿಸುತ್ತಾರೆ. ಒಬ್ಬನಿಗೆ ಅವ್ವ, “ನಿನ್ನ ಸರಪಳಿಗೆ ಹಾಕ್ಕೋ ಹೋಗು, ಇಲ್ಲೀವರೆಗೆ ಕಿರುಗುಟ್ತಾ ಇದೆ” ಎಂದಳು. ಅವನು ನಿಜವಾಗಿಯೂ ಇಳಿದು ನೋಡಿದ.

ಹೀಗೆ ಚಳಿಗಾಲ ಕಳೆಯುವುದರೊಳಗೆ ಅವ್ವ ಗುಡ್ಡದ ನೆತ್ತಿಯನ್ನು ಮುಟ್ಟಿದಳು. ಅಲ್ಲಿಂದ ಮುಂದೆ ಬರಿಯ ಇಳಿಜಾರು. ಕೆಳಗೆ ನಿಮ್ಮ ಗದ್ದೆಗಳು ಹಸಿರು ಚಾಪೆ ಹಾಸಿದ ಹಾಗೆ ಕಾಣುತ್ತವೆ. ಅವ್ವ ಸೈಕಲ್ಲನ್ನು ರಸ್ತೆಯಂಚಿನ ಕಂಬಿಗೆ ಒರಗಿಸಿ ಬಹಳ ಹೊತ್ತು ನಿಂತಳು. ಕೆಂಪು ಹೆಂಚಿನ ಮನೆಗಳಲ್ಲಿ ನಿನ್ನದು ಯಾವುದೆಂದು ನನ್ನನ್ನು ಕೇಳಿದಳು. ನನಗೂ ಗೊತ್ತಿಲ್ಲ, ನೀನು ಕರೆದೇ ಇಲ್ಲವಲ್ಲ. “ಇಳಿಯೋಣ ಬಾ ಅವ್ವ” ಎಂದೆ. “ಇಳಿದ್ರೆ ಮತ್ತೆ ಹತ್ತಬೇಕಲ್ಲೇ” ಎಂದು ಸೈಕಲ್ ತಿರುಗಿಸಿದಳು. ಇಷ್ಟು ಹತ್ತಿದವಳಿಗೆ ಅದೊಂದು ಏರು ಭಾರವೇ? ಆಮೇಲೆ ಎಷ್ಟು ಸಲ ಹೋದರೂ ಅಷ್ಟೇ. ಅದೇ ಕಂಬಿ, ಅದೇ ನೋಟ, ಅಲ್ಲಿಂದಲೇ ವಾಪಸು.

ಅವಳು ಏಕೆ ಇಳಿಯುವುದಿಲ್ಲವೆಂದು ನಿನಗೂ ಗೊತ್ತು, ನನಗೂ ಗೊತ್ತು. ಎರಡು ವರ್ಷದ ಹಿಂದೆ ಫೋನಿನಲ್ಲಿ ನೀನು ಆಡಿದ ಮಾತು ನಾನೂ ಪಕ್ಕದಲ್ಲಿ ಕೂತು ಕೇಳಿಸಿಕೊಂಡೆ. “ಇಲ್ಲಿಯವರ ಅವ್ವಂದಿರು ಗಂಡುಮಕ್ಕಳನ್ನ ಮನೇಲಿ ಇಟ್ಕೊಳ್ತಾರೆ. ನೀನು ನಗ್ತಾ ನಗ್ತಾ ನನ್ನ ಕೊಟ್ಟುಬಿಟ್ಟೆ” ಎಂದೆ. ನಮ್ಮ ಜನರಲ್ಲಿ ಗಂಡು ಹೆಂಡತಿಯ ಮನೆ ಸೇರುವುದು, ಹೆಣ್ಣು ಹುಟ್ಟಿದ ಮನೆ ನಡೆಸುವುದು, ಅಪ್ಪನೂ ಹಾಗೇ ಬಂದವನು, ತಾತನೂ. ಕಣಿವೆಯ ಜನ ಮನೆಅಳಿಯನನ್ನು ಕಂಡರೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆಂದು ಅವ್ವನಿಗೆ ಹೇಗೆ ಗೊತ್ತಾಗಬೇಕು? ಗದ್ದೆಯ ಬದುವಿನ ಮೇಲೆ ಕೂತು ಅವರು ನಿನ್ನನ್ನು ಆಡಿಕೊಂಡಿದ್ದನ್ನು ಅತ್ತಿಗೆ ನನಗೆ ಬರೆದಿದ್ದಳು. ಓದಿ ನನಗೂ ಅವರ ಮೇಲೆ ಸಿಟ್ಟು ಬಂತು. ಆದರೆ ಅಣ್ಣಾ, ನಿನ್ನ ಮದುವೆಯಲ್ಲಿ ಅವ್ವ ನಕ್ಕಿದ್ದು, ಕುಣಿದಿದ್ದು ನೀನು ಹೊರಡುವವರೆಗೆ ಮಾತ್ರ. ಮಗನನ್ನು ಕಳಿಸುವಾಗ ತಾಯಿ ಅತ್ತರೆ ಅವನ ಹೊಸ ಮನೆಯ ಒಲೆ ಹೊಗೆಯಾಡುತ್ತದೆಂದು ಅಜ್ಜಿ ಹೇಳಿದ್ದಳಂತೆ. ನಿಮ್ಮ ಗಾಡಿ ಸೇತುವೆ ದಾಟಿದ ಮೇಲೆ ಅವ್ವ ಹಬ್ಬದ ಬಟ್ಟೆಯಲ್ಲೇ ಹಿತ್ತಲಿಗೆ ಹೋಗಿ ನಿನ್ನ ಸೈಕಲ್ ಒರೆಸಲು ಕೂತಳು. ಚಕ್ರದ ಒಂದೊಂದೇ ಕಡ್ಡಿ ಒರೆಸಿದಳು. ಊಟಕ್ಕೆ ಕರೆದರೂ ಏಳಲಿಲ್ಲ. ಬೆನ್ನು ಈ ಕಡೆ ಇತ್ತು, ಮುಖ ನನಗೆ ಕಾಣಲಿಲ್ಲ.

ನಿನ್ನನ್ನು ಯಾರೂ ಕೊಟ್ಟುಬಿಟ್ಟಿಲ್ಲ. ಹೆಂಡತಿಯ ಮನೆಯಲ್ಲಿ ನೀನು ದುಡಿಯುವವನು, ನಮ್ಮ ಮನೆಯಲ್ಲಿ ಮಾತು ನಿನ್ನದು. ನಾಳೆ ನನಗೆ ಮಕ್ಕಳಾದರೆ ಕಿವಿ ಹಿಂಡಿ ಬುದ್ಧಿ ಹೇಳಬೇಕಾದ ಸೋದರಮಾವ ನೀನೇ. ಹಬ್ಬದ ದಿನ ಅಕ್ಕಿ ಹೆಂಡದ ಮೊದಲ ಬಟ್ಟಲು ಕೊಡುವಾಗ ಅವ್ವ ನಿನ್ನ ಜಾಗವನ್ನು ಖಾಲಿ ಬಿಟ್ಟು ಮುಂದಿನವರಿಗೆ ಕೊಡುತ್ತಾಳೆ. ಅಲ್ಲಿ ಯಾರನ್ನೂ ಕೂರಲು ಬಿಡುವುದಿಲ್ಲ. ನೀನು ಸಂಜೆ ಹೊತ್ತು ಕೈಕಾಲು ತೊಳೆದು ಗುಡ್ಡದ ಕಡೆಯೇ ನೋಡುತ್ತ ನಿಲ್ಲುತ್ತೀಯೆಂದು ಅತ್ತಿಗೆ ಹೇಳಿದಳು. ಆ ಕಡೆಯಿಂದ ನೀನು, ಈ ಕಡೆಯಿಂದ ಅವಳು.

ಇಷ್ಟು ಉದ್ದ ನಾನು ಯಾವತ್ತೂ ಬರೆದಿಲ್ಲ, ಕೈ ನೋಯುತ್ತಿದೆ. ತಪ್ಪಿದ್ದರೆ ಅತ್ತಿಗೆ ತಿದ್ದಿಕೊಂಡು ಓದಲಿ. ಮಗುವಿನ ಅಂಗಾಲಿಗೆ ನನ್ನದೊಂದು ಮುತ್ತು. ಅತ್ತಿಗೆಯ ಮನೆಯ ಹಿರಿಯರಿಗೆ ನಮ್ಮ ಮನೆಯ ಗೌರವಗಳನ್ನು ತಿಳಿಸು. ನಿನ್ನ ಗದ್ದೆಯ ತೆನೆ ಬಾಗುವಷ್ಟು ಕಾಳು ಹಿಡಿಯಲಿ.

ನಿನ್ನ ತಂಗಿ
ಲಿಸಿನ್

ಮರೆತಿದ್ದೆ, ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ: ಅವ್ವ ಈ ಶನಿವಾರ ಬೆಳಿಗ್ಗೆ ಮತ್ತೆ ಹೊರಡುತ್ತಾಳೆ. ಈ ಸಲ ಅಂಟಕ್ಕಿ ನೆನೆಹಾಕಲು ಹೇಳಿದ್ದಾಳೆ, ಒಣಮೀನು ಬೇರೆ ಕಟ್ಟಿಟ್ಟಿದ್ದಾಳೆ. ಇಷ್ಟು ದಿನ ಕಟ್ಟಿಸಿರಲಿಲ್ಲ. ಆದರೂ ನೆತ್ತಿಯಲ್ಲಿ ಯಾರೂ ಇಲ್ಲದಿದ್ದರೆ ಅದೇ ಕಂಬಿಯಿಂದ ತಿರುಗಿಬಿಡುತ್ತಾಳೆ, ನನಗೆ ಗೊತ್ತು. ನೀನು ಹತ್ತಿ ಬಾ. ಕಾರು ತರಬೇಡ, ನಡೆದೇ ಬಾ. ನಾನು ಬರೆದೆನೆಂದು ಹೇಳಬೇಡ, ಸುಮ್ಮನೆ ಗಾಳಿಗೆ ಬಂದೆ ಅನ್ನು. ನಿನ್ನೆ ಗ್ರೀಸು ಹಚ್ಚಲೆಂದು ನಾನು ಸೀಟಿನ ಕಂಬವನ್ನು ಮೇಲೆಳೆದೆ. ಒಳಗೆ ಅಡಗಿದ್ದ ಭಾಗದಲ್ಲಿ ಕೆಂಪು ಉಗುರುಬಣ್ಣದ ಗೀಟು ಇದೆ. ತನಗೆಂದು ಸೀಟು ಇಳಿಸುವ ಮೊದಲು ಅವ್ವ ನಿನ್ನ ಎತ್ತರವನ್ನು ಗುರುತು ಹಾಕಿಟ್ಟಿದ್ದಾಳೆ. ಸ್ಪ್ಯಾನರ್ ಕೋತಿಗಲ್ಲ ಅಣ್ಣಾ. ಅದರಿಂದ ಸೀಟನ್ನು ಆ ಗೀಟಿನವರೆಗೆ ಏರಿಸಿಕೊಂಡು ಅವ್ವನನ್ನು ಹಿಂದೆ ಕೂರಿಸಿಕೊಂಡು ಇಳಿ. ಕ್ಯಾರಿಯರ್ ಗಟ್ಟಿಯಾಗಿದೆ, ನಾನು ಕೂತು ನೋಡಿದ್ದೇನೆ.